ಹಿಂದಿನ ಸೀಟಿನ ಪ್ರಶ್ನೆ

ಡಿಸೆಂಬರ್ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಪಾಠದ ಮಾತು ಹಿಂದೆ ಸರಿದು ಪ್ರವಾಸದ ಮಾತು ಮುಂದೆ ಬರುತ್ತದೆ. ಬಸ್ಸು ಯಾರದು, ಬಾಡಿಗೆ ಎಷ್ಟು, ಹೆಣ್ಣುಮಕ್ಕಳ ಜೊತೆಗೆ ಯಾವ ಅಕ್ಕೋರು ಹೋಗಬೇಕು ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಕೊನೆಯ ಪ್ರಶ್ನೆಗೆ ಉತ್ತರ ಮಾತ್ರ ಮೊದಲೇ ಗೊತ್ತಿರುತ್ತದೆ. ಇತಿಹಾಸ ಕಲಿಸುವವಳು, ವಾಂತಿ ಮಾಡಿಕೊಂಡ ಮಕ್ಕಳ ತಲೆ ಹಿಡಿಯಲು ಅಸಹ್ಯಪಡದವಳು ಎಂಬ ಎರಡು ಅರ್ಹತೆಗಳಿಂದ ಆ ಭಾಗ್ಯ ನನ್ನದೇ. ನಿಂಬೆಹಣ್ಣು, ಪ್ಲಾಸ್ಟಿಕ್ ಚೀಲ, ಡಬ್ಬಿ ತುಂಬ ಚೂಡಾ, ಚಕ್ಕುಲಿ, ಒಂದು ಸೀಟಿ. ಇಷ್ಟಿದ್ದರೆ ಅರಮನೆ ನೋಡಿ ಬರಬಹುದು.

1998ರ ಪ್ರವಾಸ ಮೈಸೂರಿಗೆ. ಹಳಿಯಾಳದಿಂದ ರಾತ್ರಿ ಹೊರಟ ಬಸ್ಸು ಮರುದಿನ ಹೊತ್ತೇರಿದ ಮೇಲೆ ಮೈಸೂರು ಮುಟ್ಟಿತು. ಅಂದು ಭಾನುವಾರ, ಸಂಜೆ ಅರಮನೆಯ ದೀಪ ನೋಡಿಯೇ ಹೋಗಬೇಕೆಂಬುದು ನಮ್ಮ ಲೆಕ್ಕಾಚಾರ. ನಾನು ಆಗಿನ್ನೂ ಮೂವತ್ತರ ಒಳಗಿನವಳು. ಬಿ.ಎ.ದಲ್ಲಿ ಇತಿಹಾಸ ಓದಿದ್ದ ಹುರುಪು, ಬಿ.ಎಡ್. ಮುಗಿಸಿದ ಗತ್ತು, ಎರಡೂ ಇದ್ದವು. ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆಯಿಟ್ಟಿದ್ದೇ ತಡ, ಗೈಡಿಗೂ ಅವಕಾಶ ಕೊಡದೆ ನಾನೇ ಹೇಳತೊಡಗಿದೆ. ಹಳೆಯ ಅರಮನೆ ಮರದ್ದಾಗಿತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಮಗ ಇನ್ನೂ ಚಿಕ್ಕವನಾಗಿದ್ದರಿಂದ ತಾಯಿ ಕೆಂಪನಂಜಮ್ಮಣ್ಣಿಯವರು ರಾಜ್ಯಭಾರ ನೋಡಿಕೊಳ್ಳುತ್ತಿದ್ದರು. ಹೊಸ ಅರಮನೆ ಕಟ್ಟುವ ಕೆಲಸವನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ವಹಿಸಿದವರು ಆ ತಾಯಿಯೇ. 1912ರಲ್ಲಿ ಮುಗಿಯಿತು, ನಲವತ್ತೊಂದು ಲಕ್ಷಕ್ಕೂ ಹೆಚ್ಚು ರೂಪಾಯಿ ಖರ್ಚಾಯಿತು. ಮಗಳ ಮದುವೆಯ ಮನೆ ಸುಟ್ಟು ಬೂದಿಯಾದ ಮೇಲೆ ಗಂಡನಿಲ್ಲದ ಹೆಣ್ಣುಮಗಳೊಬ್ಬಳು ಇಂಥ ಮನೆ ಎಬ್ಬಿಸಿದಳು ನೋಡಿರೇ ಎಂದು ಹೇಳುವಾಗ ನನಗೇ ರೋಮಾಂಚನವಾಗಿತ್ತು. ಈ ಮಾತನ್ನು ಇವತ್ತಿಗೂ ಹೇಳುತ್ತೇನೆ, ಇವತ್ತಿಗೂ ರೋಮಾಂಚನವಾಗುತ್ತದೆ.

ಕಲ್ಯಾಣಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳಿವೆ. ಆನೆ, ಕುದುರೆ, ಸಿಪಾಯಿಗಳು, ಸಾಲುಸಾಲು ಜನ. ಮಕ್ಕಳೆಲ್ಲ ಮೇಲಿನ ಬಣ್ಣದ ಗಾಜು ನೋಡುತ್ತ ಮುಂದೆ ಹೋದರೂ ಒಬ್ಬ ಹುಡುಗಿ ಆ ಚಿತ್ರಗಳ ಮುಂದೆಯೇ ನಿಂತಿದ್ದಳು. ಒಂಬತ್ತನೇ ತರಗತಿಯವಳು, ನಮ್ಮ ತಾಲೂಕಿನ ಕಾಡಂಚಿನ ಸಿದ್ದಿ ಕೇರಿಯಿಂದ ಬರುತ್ತಿದ್ದವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ನಮ್ಮೆಲ್ಲರಿಗಿಂತ ಚೆಂದದ ಕನ್ನಡ. ಅವಳ ತಾಯಿ ಗದ್ದೆಯ ಕೂಲಿಯಲ್ಲಿ ಉಳಿಸಿದ ರೊಕ್ಕವನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಮೂರು ಕಂತಿನಲ್ಲಿ ತಂದು ನನ್ನ ಕೈಗೆ ಕೊಟ್ಟಿದ್ದಳು. ಬಸ್ಸಿನಲ್ಲಿ ಹುಡುಗಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಯಾರು ಕೂಡಿಸಿದರು, ಅವಳೇ ಕೂತಳೋ, ಆಗ ನನಗೆ ಆ ಪ್ರಶ್ನೆಯೇ ಏಳಲಿಲ್ಲ.

ಅವಳು ಚಿತ್ರದಲ್ಲಿನ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ನಾನು ಹತ್ತಿರ ಹೋದಾಗ ಕೇಳಿದಳು, "ಅಕ್ಕೋರೆ, ಇದ್ರಾಗ ನಮ್ಮಂಥೋರು ಯಾರೂ ಇಲ್ಲೇನ್ರಿ?"

ನನ್ನ ಗಮನವೆಲ್ಲ ಮುಂದೆ ಹೋದ ಸಾಲಿನ ಮೇಲೆ. "ನಿಮ್ಮವರೊಳಗ ರಾಜರು ಎಲ್ಲಿದ್ರವಾ? ನಡಿ ನಡಿ, ಸಾಲು ತಪ್ಪಿಸಬ್ಯಾಡ" ಅಂದುಬಿಟ್ಟೆ.

ಗದರಿದ್ದಲ್ಲ, ನಗುತ್ತಲೇ ಹೇಳಿದ ಮಾತು. ಅವಳು ಸಾಲಿಗೆ ಸೇರಿದಳು. ಸಂಜೆ ದೀಪ ಹೊತ್ತಿದಾಗ ಎಲ್ಲರ ಜೊತೆ ಅವಳೂ ಕೈತಟ್ಟಿ ಕೂಗಿದಳು. ವಾಪಸು ಬರುವಾಗ ಹಾವೇರಿ ದಾಟಿದ ಮೇಲೆ ನನಗೆ ಎಚ್ಚರವಾಯಿತು. ಹಿಂದಿರುಗಿ ನೋಡಿದರೆ ಆ ಹುಡುಗಿ ಕಿಟಕಿಗೆ ಹಣೆಯಿಟ್ಟು ಎಚ್ಚರವಾಗಿಯೇ ಕೂತಿದ್ದಳು. ಆಗ ನನ್ನ ಮಾತು ನನಗೇ ಕೇಳಿಸಿತು. ಅವಳು ರಾಜರಿದ್ದರೇ ಎಂದು ಕೇಳಿರಲಿಲ್ಲ. ಆ ಮೆರವಣಿಗೆಯ ನೂರಾರು ಜನರಲ್ಲಿ ತನ್ನಂಥವರು ಯಾರಾದರೂ ಇದ್ದಾರೆಯೇ ಎಂದಷ್ಟೇ ಕೇಳಿದ್ದಳು. ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ಇಲ್ಲ ಎಂದಿದ್ದೆ. ಶಿಕ್ಷಕರು ಇದನ್ನು ಎಷ್ಟು ಸಲ ಮಾಡುತ್ತೇವೆಂದು ಯಾರೂ ಲೆಕ್ಕವಿಡುವುದಿಲ್ಲ, ಪುಣ್ಯ.

ಮುಂದೆ ಮೂರು ವರ್ಷ ಕಳೆದ ಮೇಲೆ ಪ್ರವಾಸ ವಿಜಾಪುರಕ್ಕೆ ಹೋಯಿತು. ಆಗಿನ್ನೂ ಅದು ವಿಜಾಪುರ, ವಿಜಯಪುರವಾದದ್ದು 2014ರಲ್ಲಿ. ಮಕ್ಕಳಿಗೆ ಗೋಲಗುಮ್ಮಟವೆಂದರೆ ಏಳು ಸಲ ಪ್ರತಿಧ್ವನಿ, ಅಷ್ಟೇ. ಕಿವಿ ಕಿವುಡಾಗುವಷ್ಟು ಕಿರುಚಿ ಇಳಿದುಬಂದರು. ಇಬ್ರಾಹಿಂ ರೋಜಾಕ್ಕೆ ಹೋದಾಗ ಅಲ್ಲಿ ಶಾಂತವಿತ್ತು. ಎರಡನೆಯ ಇಬ್ರಾಹಿಂ ಆದಿಲಶಾಹನ ರಾಣಿ ತಾಜ್ ಸುಲ್ತಾನಳಿಗೆಂದು ತೊಡಗಿದ ಕಟ್ಟಡವದು ಎನ್ನುತ್ತಾರೆ, ಈಗ ಗಂಡ ಹೆಂಡತಿ ಇಬ್ಬರೂ ಅಲ್ಲಿ ಮಲಗಿದ್ದಾರೆ. ಅಲ್ಲಿನ ಮುದುಕ ಗೈಡ್ ಕಲ್ಲಿನ ಜಾಲಂಧ್ರದ ಮೇಲೆ ಕೈಯಾಡಿಸುತ್ತ, ಇದನ್ನು ಕಟ್ಟಿಸಿದವನು ಮಲಿಕ್ ಸಂದಲ್, ಅವನು ಹಬ್ಶಿ ಎಂದ. ಹಬ್ಶಿ ಎಂದರೆ? "ಆಫ್ರಿಕಾದಾಂವ್ರಿ ಬಾಯಾರ. ನಿಮ್ಮ ಕಡೆ ಸಿದ್ದಿ ಅಂತಾರಲ್ಲ, ಹಂಗ."

ನಾನು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತೆ. ಮಕ್ಕಳು ನೀರು ಕುಡಿಯಲು ಹೋಗಿದ್ದರು.

ಮನೆಗೆ ಬಂದವಳು ಸಿಕ್ಕ ಪುಸ್ತಕ ಹುಡುಕತೊಡಗಿದೆ. ನಾಲ್ಕು ಗೋಡೆಯ ನಡುವೆ ಅಡಿಗೆ, ಅತ್ತೆಯ ಔಷಧಿ, ಮಗನ ಮಗ್ಗಿ ಎಲ್ಲ ಮುಗಿಸಿ ರಾತ್ರಿ ಹತ್ತರ ಮೇಲೆ ಓದುವವಳ ಸಂಶೋಧನೆ ಎಷ್ಟು ವೇಗವಾಗಿ ಸಾಗೀತೆಂದು ನಿಮಗೆ ಹೇಳಬೇಕಿಲ್ಲ. ಆದರೂ ಸಾಗಿತು. ಮಲಿಕ್ ಅಂಬರನ ಹೆಸರು ನಾನು ಬಿ.ಎ.ದಲ್ಲಿ ಓದಿದ್ದೆ, ಅಹಮದನಗರದ ಮಂತ್ರಿ, ಮೊಗಲರ ವೈರಿ, ಐದು ಅಂಕದ ಟಿಪ್ಪಣಿ. ಅವನು ಇಥಿಯೋಪಿಯಾದಲ್ಲಿ 1548ರ ಸುಮಾರಿಗೆ ಹುಟ್ಟಿದ ಮಗು, ಎಳೆ ವಯಸ್ಸಿನಲ್ಲಿಯೇ ಮಾರಾಟವಾಗಿ ಬಾಗ್ದಾದಿನ ಮೂಲಕ ಕೈಯಿಂದ ಕೈಗೆ ದಾಟುತ್ತ ದಖ್ಖನ್ನಿಗೆ ಬಂದವನು ಎಂಬುದು ಆ ಟಿಪ್ಪಣಿಯಲ್ಲಿ ನನ್ನ ಮನಸ್ಸಿಗೆ ನಾಟಿರಲಿಲ್ಲ. ಅವನನ್ನು ಕೊಂಡ ಯಜಮಾನನೂ ಹಬ್ಶಿಯೇ. ಯಜಮಾನ ಸತ್ತ ಮೇಲೆ ಅವನ ಹೆಂಡತಿ ಅಂಬರನಿಗೆ ಬಿಡುಗಡೆ ಕೊಟ್ಟಳಂತೆ. ಆ ಹೆಣ್ಣುಮಗಳ ಹೆಸರು ನನಗೆ ಎಲ್ಲಿಯೂ ಸಿಗಲಿಲ್ಲ. ಮಾರಾಟವಾದ ಮಗು ಮುಂದೆ ಜಹಾಂಗೀರನ ಸೈನ್ಯಗಳನ್ನು ವರ್ಷಾನುಗಟ್ಟಲೆ ಕಾಡಿದ. ಖಡಕಿ ಎಂಬ ಊರು ಕಟ್ಟಿದ, ಅದೇ ಮುಂದೆ ಔರಂಗಾಬಾದ್, ಈಗ ಛತ್ರಪತಿ ಸಂಭಾಜಿನಗರ. 1626ರಲ್ಲಿ ತೀರಿಕೊಂಡ. ವಿಜಾಪುರದಲ್ಲಿಯೇ ಇಖ್ಲಾಸ್ ಖಾನನೆಂಬ ಹಬ್ಶಿ, ಗೋಲಗುಮ್ಮಟದ ಮಹಮ್ಮದ್ ಆದಿಲಶಾಹನ ಆಸ್ಥಾನದಲ್ಲಿ ದೊಡ್ಡ ಅಧಿಕಾರಕ್ಕೆ ಏರಿದ್ದ. ಸುಲ್ತಾನ ಮತ್ತು ಅವನು ಒಂದೇ ಆನೆಯ ಮೇಲೆ ಕುಳಿತ ಚಿತ್ರವೊಂದಿದೆ. ಇನ್ನು ಜಂಜಿರಾ. ಮಹಾರಾಷ್ಟ್ರದ ಮುರುಡ ಊರಿನ ಎದುರಿಗೆ ಸಮುದ್ರದ ನಡುವೆ ನಿಂತ ಆ ಕೋಟೆಯನ್ನು ಶಿವಾಜಿ, ಸಂಭಾಜಿ ಇಬ್ಬರೂ ಗೆಲ್ಲಲಾಗಲಿಲ್ಲ. ಅದನ್ನು ಆಳಿದವರು ಸಿದ್ದಿ ನವಾಬರು, 1948ರಲ್ಲಿ ಭಾರತಕ್ಕೆ ಸೇರುವವರೆಗೂ.

ಮೆರವಣಿಗೆಯಲ್ಲಿ ಮುಖ ಹುಡುಕಿದ ಹುಡುಗಿಗೆ ನಾನು ಇಡೀ ಒಂದು ಕೋಟೆಯನ್ನೇ ಕೊಡಬಹುದಾಗಿತ್ತು. ಆದರೆ ಅವಳು ಅಷ್ಟರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಶಾಲೆ ಬಿಟ್ಟಿದ್ದಳು.

ಓದುತ್ತ ಹೋದಂತೆ ನನ್ನ ಉತ್ಸಾಹಕ್ಕೆ ಇನ್ನೊಂದು ತೊಡಕು ಬಂತು. ನಮ್ಮ ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರದ ಸಿದ್ದಿಗಳು ಜಂಜಿರಾದ ನವಾಬರ ವಂಶದವರಲ್ಲ. ಇವರ ಹಿರಿಯರನ್ನು ಹೆಚ್ಚಾಗಿ ಪೋರ್ತುಗೀಜರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗೋವೆಗೆ ಗುಲಾಮರನ್ನಾಗಿ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿದರು. ಹಿಂದೂ, ಮುಸಲ್ಮಾನ, ಕ್ರಿಶ್ಚಿಯನ್, ಮೂರೂ ಧರ್ಮದವರಾಗಿ ನಮ್ಮ ನಡುವೆಯೇ ಇದ್ದಾರೆ. ಕೇಂದ್ರ ಸರಕಾರ ಇವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಅಂದರೆ ಇವರು ಕೋಟೆಯಲ್ಲಿ ಕೂತು ಆಳಿದವರ ಮಕ್ಕಳಲ್ಲ, ಕೋಟೆಯಿಂದ ಓಡಿಬಂದವರ ಮಕ್ಕಳು. ನವಾಬನ ಕಥೆ ಹೇಳಿ ಮಗುವನ್ನು ಖುಷಿಪಡಿಸುವುದು ಸುಲಭ. ನನಗೇಕೋ ಸಂಕಲೆ ಬಿಡಿಸಿಕೊಂಡು, ಗೊತ್ತಿಲ್ಲದ ಭಾಷೆಯ ಗೊತ್ತಿಲ್ಲದ ಕಾಡಿನಲ್ಲಿ, ಬಹುಶಃ ಕಂಕುಳಲ್ಲಿ ಕೂಸು ಕಟ್ಟಿಕೊಂಡು ಘಟ್ಟ ಏರಿದ ಒಬ್ಬ ಹೆಂಗಸು ಹೆಚ್ಚು ದೊಡ್ಡವಳಾಗಿ ಕಂಡಳು. ಅವಳ ಚಿತ್ರ ಯಾವ ಗೋಡೆಯ ಮೇಲೂ ಇಲ್ಲ. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಯ ತುಂಡು ಕೂಡಿಸಿ ಹೊಲಿಯುವ ಕೌದಿ ನೀವು ನೋಡಿದ್ದೀರಾ? ಅಂಚಿನಿಂದ ತೊಡಗಿ ಒಳಗೊಳಗೆ ಸುತ್ತಿ ಬರುವ ಹೊಲಿಗೆ. ಈಗ ಪಟ್ಟಣದವರು ಅದನ್ನು ಪ್ರದರ್ಶನಗಳಲ್ಲಿ ಕೊಳ್ಳುತ್ತಾರೆ. ನಾನು ಒಂದನ್ನು ಕೊಂಡು ಮಂಚದ ಮೇಲೆ ಹಾಸಿದ್ದೇನೆ, ಪ್ರದರ್ಶನಕ್ಕಲ್ಲ, ಚಳಿಗೆ.

ಇಷ್ಟಾದ ಮೇಲೆ ಪ್ರವಾಸವನ್ನೇ ಬದಲಿಸಬೇಕೆನ್ನಿಸಿತು. ದೂರದ ಪ್ರವಾಸಕ್ಕೆ ರೊಕ್ಕ ಹೊಂದಿಸಲಾಗದೆ ಪ್ರತಿ ವರ್ಷ ಹತ್ತು ಹದಿನೈದು ಮಕ್ಕಳು, ಸಿದ್ದಿಗಳು, ಗೌಳಿಗಳು, ಸೂಪಾ ಅಣೆಕಟ್ಟಿನಲ್ಲಿ ಊರು ಮುಳುಗಿ ರಾಮನಗರಕ್ಕೆ ಬಂದವರ ಕಡೆಯ ಬಡ ಮಕ್ಕಳು, ಹೊಟ್ಟೆನೋವು ಎಂದು ಹೇಳಿ ಮನೆಯಲ್ಲಿ ಉಳಿಯುತ್ತಿದ್ದರು. ಅವರಿಗಾಗಿ ಒಂದು ದಿನದ ಪ್ರವಾಸ ಮಾಡೋಣ, ಬೆಳಿಗ್ಗೆ ಹೋಗಿ ರಾತ್ರಿ ಬರೋಣ ಎಂದೆ. ಸಹೋದ್ಯೋಗಿಗಳು ನಕ್ಕರು. ನಮ್ಮ ಸುತ್ತ ಅರಮನೆ ಎಲ್ಲಿದೆ?

ಇದೆಯಲ್ಲ. ಮೊದಲು ನಮ್ಮ ಹಳಿಯಾಳದ್ದೇ ಕೋಟೆ. 1800ರಲ್ಲಿ ಧೋಂಡಿಯ ವಾಘನ ಬೆನ್ನು ಹತ್ತಿದ್ದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಈ ಊರಿನ ಹೆಸರು ಬರುತ್ತದೆ. ಹದಿನೈದು ವರ್ಷಗಳ ನಂತರ ವಾಟರ್‌ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೇ ಅವನು. ಮಕ್ಕಳಿಗೆ ಇದನ್ನು ಹೇಳಿದರೆ, "ಹೌದೇನ್ರಿ, ನಾವು ಕಿರಕೆಟ್ ಆಡೂ ಜಾಗಾಕ್ಕನ?" ಎಂದು ಕಣ್ಣು ಬಿಟ್ಟರು.

ಅಲ್ಲಿಂದ ಅಳ್ನಾವರ, ಧಾರವಾಡದ ದಾರಿಯಾಗಿ ಕಿತ್ತೂರು. ಮೈಸೂರಿನಂತೆ ಅಲ್ಲಿ ಹೊಳೆಯುವುದು ಏನೂ ಇಲ್ಲ, ಅರಮನೆಯೆಂದರೆ ಬುನಾದಿ ಮತ್ತು ಮುರಿದ ಗೋಡೆ. ಆದರೆ ಹೆಂಗಸರ ಕಣ್ಣಿಗೆ ಅಲ್ಲಿ ಬೇಕಾದಷ್ಟಿದೆ. ಇಲ್ಲಿ ಅಡಿಗೆಮನೆ, ಇಲ್ಲಿ ಬಚ್ಚಲು, ನೀರು ಹೀಗೆ ಹರಿಯುತ್ತಿತ್ತು ಎಂದು ತೋರಿಸಬಹುದು. ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡುವ ಕೊಳವೆಯಿದೆ. ನಮ್ಮ ಹುಡುಗಿಯರು ಹಾಡಹಗಲಲ್ಲಿ ಸರದಿಯಲ್ಲಿ ನಿಂತು ಅದರಲ್ಲಿ ಕಣ್ಣಿಟ್ಟು, ನಕ್ಷತ್ರ ಕಾಣಲಿಲ್ಲವೆಂದು ದೂರು ಕೊಟ್ಟರು.

ಚೆನ್ನಮ್ಮನ ಕಥೆ ನಿಮಗೆ ಗೊತ್ತಿದ್ದದ್ದೇ. ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡ, ದತ್ತಕವನ್ನು ಕಂಪನಿ ಒಪ್ಪಲಿಲ್ಲ, ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತ, ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು, ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು. ಸೆರೆಸಿಕ್ಕ ಇಂಗ್ಲಿಷರಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣನಿದ್ದ. ರಾಣಿಯ ಕಡೆಯವರು ಅವನನ್ನು ಕೊಲ್ಲದೆ ಬಿಟ್ಟರು. ಅವನು ಮುಂದೆ ನಮ್ಮ ನಾಡಿನ ನೂರಾರು ಶಾಸನಗಳ ನಕಲು ಮಾಡಿಸಿ ಸಂಗ್ರಹಿಸಿದ.

ಆದರೆ ನಾನು ಕಿತ್ತೂರಿಗೆ ಮಕ್ಕಳನ್ನು ಕರೆದೊಯ್ದದ್ದು ಇನ್ನೊಂದು ಹೆಸರಿಗಾಗಿ. ಸಂಗೊಳ್ಳಿ ರಾಯಣ್ಣನ ಜೊತೆಗಾರರಲ್ಲಿ ಗಜವೀರನೆಂಬ ಸಿದ್ದಿಯೊಬ್ಬನಿದ್ದನೆಂದು ನಮ್ಮ ಕಡೆಯ ಜನ ಹೇಳುತ್ತಾರೆ. ನಾನು ಕಲಿತ ಪಾಠದಲ್ಲಿ, ಹತ್ತು ವರ್ಷ ನಾನೇ ಕಲಿಸಿದ ಪಾಠದಲ್ಲಿ ಆ ಹೆಸರು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಿತ್ತೂರು ಬಿದ್ದ ಮೇಲೂ ರಾಯಣ್ಣ ಕಾಡು ಹಿಡಿದು ಕಂಪನಿಯನ್ನು ಕಾಡಿದ. ಈ ಕಾಡಿನ ದಾರಿ ಬಲ್ಲವರಿಲ್ಲದೆ ಅದು ಸಾಧ್ಯವಿತ್ತೇ? ದಾರಿ ಯಾರಿಗೆ ಗೊತ್ತಿತ್ತು ಎಂದು ಮಕ್ಕಳನ್ನೇ ಕೇಳುತ್ತೇನೆ, ಉತ್ತರ ನಾನು ಹೇಳುವುದಿಲ್ಲ.

ವಾಪಸು ಬರುವಾಗ ಖಾನಾಪುರ ತಾಲೂಕಿನ ನಂದಗಡ. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಅವನ ಸಮಾಧಿಯ ಹತ್ತಿರದ ಆಲದ ಮರಕ್ಕೆ ಮಕ್ಕಳಾಗಲೆಂದು ಹೆಂಗಸರು ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಒಬ್ಬ ವೀರನಿಗೆ ಸಿಕ್ಕಬಹುದಾದ ಗೌರವಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು, ಕುದುರೆಯ ಮೇಲಿನ ಪ್ರತಿಮೆಗಿಂತಲೂ.

2019ರ ಜೂನಿನಲ್ಲಿ ಎಂಟನೇ ತರಗತಿಯ ಪ್ರವೇಶಕ್ಕೆಂದು ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಸಹಿ ಮಾಡುವಾಗ ಅಕ್ಷರ ನೋಡಿ ಗುರುತು ಹಿಡಿದೆ. ದುಂಡಗಿನ, ಚೆಂದದ ಅದೇ ಅಕ್ಷರ. ಇಪ್ಪತ್ತೊಂದು ವರ್ಷ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಹೇಗೆ ತೆಗೆಯುವುದು? "ಮೈಸೂರಿಗೆ ಹೋದಾಗ ನೀ ನನಗೊಂದು ಮಾತು ಕೇಳಿದ್ದಿ" ಎಂದೆ.

"ಕೇಳಿದ್ದೆ ಅಕ್ಕೋರೆ. ನೀವು ಸಾಲಿನಾಗ ನಡಿ ಅಂದ್ರಿ."

"ತಪ್ಪು ಹೇಳಿದ್ದೆವಾ ನಾನು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಕ್ಕಳು, ಮನ್ನಿಸಿದ ನಗೆಯೋ, ಅಕ್ಕೋರು ಮುದುಕಿಯಾದರಲ್ಲ ಎಂಬ ನಗೆಯೋ. ನಾನು ಅಂಬರನ ಕಥೆ, ಜಂಜಿರಾದ ಕಥೆ, ಗಜವೀರನ ಕಥೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳತೊಡಗಿದೆ. ಕೇಳಿಸಿಕೊಂಡಳು. ಗಜವೀರನ ಹೆಸರು ಬಂದಾಗ ಮಾತ್ರ, "ಅದು ನಮ್ಮ ಅಜ್ಜಿ ಹೇಳ್ತಿದ್ಲರಿ" ಎಂದಳು.

ಹತ್ತು ವರ್ಷ ನಾನು ಪುಸ್ತಕದಲ್ಲಿ ಹುಡುಕಿದ್ದು ಅವಳ ಮನೆಯ ಜಗಲಿಯ ಮೇಲಿತ್ತು. ಅಂದು ಮೈಸೂರಿನಲ್ಲಿ ನಾನು ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು.

ಮಗಳು ಅಷ್ಟರಲ್ಲಿ ಗೋಡೆಗೆ ಹಚ್ಚಿದ್ದ ಹಿಂದಿನ ವರ್ಷದ ಪ್ರವಾಸದ ಫೋಟೋಗಳನ್ನು ನೋಡುತ್ತಿದ್ದಳು, ಒಂದೊಂದೇ ಮುಖವನ್ನು. ತಾಯಿ ಸೆರಗಿನ ಗಂಟಿಗೆ ಕೈಹಾಕಿ ಕೇಳಿದಳು, "ಈ ವರ್ಷದ್ದು ಎಷ್ಟಾಕ್ಕೈತ್ರಿ ಅಕ್ಕೋರೆ? ಈಗ ಅರ್ಧಾ ಕೊಟ್ಟು ಹೋಗ್ಲೇನು?"