ಬೆದರುವ ಗುಣವೂ ತಳಿಯ ಚರಿತ್ರೆಯೂ

ದಸರೆಗೆ ಮುನ್ನ ನಮ್ಮ ಮೈಸೂರಿನಲ್ಲಿ ಕುಶಾಲತೋಪಿನ ತಾಲೀಮು ನಡೆಯುವುದನ್ನು ಶ್ರೋತೃಗಳೆಲ್ಲರೂ ಬಲ್ಲರು. ಜಂಬೂಸವಾರಿಯ ದಿನದ ೨೧ ತೋಪುಗಳ ಸದ್ದಿಗೆ ಆನೆ ಕುದುರೆಗಳು ಬೆದರಬಾರದೆಂದು ಈ ಏರ್ಪಾಡು. ಒಂದು ಪ್ರಾಣಿ ಹಿಂಜರಿಯುವುದು. ಮತ್ತೊಂದು ಕಿವಿಯನ್ನಷ್ಟೇ ಅಲುಗಿಸಿ ಸುಮ್ಮನಿರುವುದು. ಸದ್ದು ಒಂದೇ, ನಡತೆ ಬೇರೆ. ಈ ಭೇದದಲ್ಲಿ ಅಭ್ಯಾಸದ ಪಾಲೆಷ್ಟು, ಹುಟ್ಟಿನ ಪಾಲೆಷ್ಟು ಎಂಬುದನ್ನು ವಿಚಾರಿಸೋಣ.

ನಮ್ಮ ಆನೆಗಳು ಬಹುಕಾಲ ಖೆಡ್ಡಾದಲ್ಲಿ ಹಿಡಿದು ತಂದವು. ಅವುಗಳ ತಂದೆತಾಯಿಗಳನ್ನು ಮನುಷ್ಯನು ಆರಿಸಿದವನಲ್ಲ. ಆದಕಾರಣ ಪ್ರತಿಯೊಂದಕ್ಕೂ ಪಾಠವನ್ನು ಮೊದಲಿನಿಂದಲೇ ಹೇಳಬೇಕು. ದನಗಳ ವಿಷಯ ಹಾಗಲ್ಲ.

ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲೆಂಬ ಹೆಸರು ಪಡೆಯಿತು. ೧೭೮೧ರಲ್ಲಿ ಹೈದರಲಿಯು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ರಕ್ಷಿಸಲು ಒದಗಿದುದು ಈ ಎತ್ತುಗಳ ಬಲದಿಂದ. ಫಿರಂಗಿಯನ್ನೆಳೆಯುವ ಎತ್ತಿಗೆ ಮೈಬಲವೊಂದೇ ಸಾಲದು. ಚುರುಕೂ ಎಚ್ಚರವೂ ಬೇಕು. ಅಂಥ ಹೋರಿಗಳನ್ನು ಆರಿಸಿ ತಲೆಮಾರುಗಳವರೆಗೆ ತಳಿಯನ್ನು ಬೆಳೆಸಿದರು. ಕಾವಲಿನಲ್ಲಿ ಬೆಳೆದ ಅಮೃತಮಹಲ್ ದನವು ಇಂದಿಗೂ ಹೊಸಬರನ್ನು ಕಂಡೊಡನೆ ತಲೆಯೆತ್ತಿ ನಿಲ್ಲುವುದು.

ಇದು ಕಾವಲಿನ ಒಂಟಿ ಬಾಳಿನ ಫಲವೇ ಅಲ್ಲವೆ ಎಂದು ಕೇಳಬಹುದು. ಆ ಮಾತಿನಲ್ಲಿ ಸತ್ಯವುಂಟು. ಎಳೆತನದಲ್ಲೇ ಕೈಯಾಡಿಸಿ ಸಾಕಿದ ಕರು ಸಾಧುವಾಗುವುದು. ಆದರೆ ೧೯೫೯ರಲ್ಲಿ ರಷ್ಯಾದೇಶದ ಬೆಲ್ಯಾಯೆವ್ ಎಂಬ ವಿಜ್ಞಾನಿ ನರಿಗಳಲ್ಲಿ ಒಂದು ಪರೀಕ್ಷೆಯನ್ನಾರಂಭಿಸಿದನು. ಮನುಷ್ಯನಿಗೆ ಅತಿ ಕಡಮೆ ಅಂಜುವುವನ್ನೇ ಆರಿಸಿ ಮರಿಮಾಡಿಸಿದನು. ಪಳಗಿಸುವ ಪಾಠವನ್ನು ಹೇಳಲಿಲ್ಲ. ಕೆಲವೇ ತಲೆಮಾರುಗಳಲ್ಲಿ ನಾಯಿಗಳಂತೆ ಬಾಲವಾಡಿಸುವ ಮರಿಗಳು ಹುಟ್ಟಿದವು. ಅಂಜಿಕೆಯು ಹುಟ್ಟಿನಿಂದಲೂ ಬರುವುದೆಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಬೆದರಿಕೆಗೆಂದು ಒಂದೇ ವಂಶವಾಹಿಯಿಲ್ಲ. ನರಮಂಡಲವನ್ನೂ ಭಯದ ವೇಳೆ ರಕ್ತಕ್ಕೆ ಸೇರುವ ರಸಗಳನ್ನೂ ತಿದ್ದುವ ಅನೇಕ ವಂಶವಾಹಿಗಳು ಸ್ವಲ್ಪಸ್ವಲ್ಪವಾಗಿ ಕೂಡಿ ಎಲ್ಲೆಯನ್ನು ಗೊತ್ತುಮಾಡುವುವು. ಆ ಎಲ್ಲೆಯೊಳಗೆ ಸಾಕಣೆ ತನ್ನ ಕೆಲಸವನ್ನು ನಡೆಸುವುದು.

೧೮೬೦ರಲ್ಲಿ ಆಂಗ್ಲ ಸರ್ಕಾರವು ಖರ್ಚಿನ ನೆಪದಿಂದ ಅಮೃತಮಹಲನ್ನು ಮುರಿದು ಮಂದೆಗಳನ್ನು ಮಾರಿತು. ೧೮೬೬ರಲ್ಲಿ ಮತ್ತೆ ಕಟ್ಟಬೇಕಾಯಿತು. ಈಗ ಅಜ್ಜಂಪುರದ ತಳಿ ಕೇಂದ್ರವು ಮಂದೆಯನ್ನು ಕಾಯುತ್ತಿದೆಯಾದರೂ ಕಾವಲುಗಳು ಕುಗ್ಗಿವೆ. ದನದ ಕೊಂಬನ್ನೂ ಬಣ್ಣವನ್ನೂ ಚಿತ್ರದಲ್ಲಿ ಉಳಿಸಿಕೊಳ್ಳಬಹುದು. ಸ್ವಭಾವವನ್ನು ಉಳಿಸುವುದಕ್ಕೆ ಜೀವಂತ ಮಂದೆಯೇ ಬೇಕು. ತಪ್ಪಿದ ಪಾಠವನ್ನು ಮತ್ತೆ ಹೇಳಿಕೊಡಬಹುದು. ಅಳಿದ ತಳಿಗೆ ಯಾವ ತಾಲೀಮೂ ಇಲ್ಲ.