ಪಿಟೀಲು ಕಲಿಕೆ: ಕಮಾನು ಹಿಡಿಯುವ ಮೊದಲು ಕಿವಿ

ಶ್ರೀರಂಗಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರವಾದ ಅರಕೆರೆಯ ಸೀಮೆಯಿಂದ ಕಾವೇರಿಯ ಹರಿವಿನ ಜೊತೆ ಕೆಳಕ್ಕೆ ಸಾಗಿದರೆ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ ಸಿಗುತ್ತದೆ. ಪಿಟೀಲು ಎಂಬ ಪದವನ್ನೇ ಹೆಸರಿನ ಭಾಗವಾಗಿಸಿಕೊಂಡ ಟಿ. ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಅಲ್ಲಿ. 1910ರಲ್ಲಿ ಅವರು ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುಕುಲದ ಕಠಿಣ ಶಿಸ್ತಿನಲ್ಲಿ ನಡೆದ ಆ ಅಭ್ಯಾಸ ಹಲವು ವರ್ಷಗಳ ಕಾಲ ಮುಂದುವರಿಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಕೃಷ್ಣಪ್ಪನವರು ಮುಖ್ಯವಾಗಿ ಗಾಯಕರು. ಕನ್ನಡ ನಾಡಿನ ಅತಿ ಪ್ರಸಿದ್ಧ ಪಿಟೀಲುವಾದಕ ರೂಪುಗೊಂಡದ್ದು ಹಾಡುಗಾರರೊಬ್ಬರ ಎದುರಿನಲ್ಲಿ.

ಹೊಸದಾಗಿ ಪಿಟೀಲು ಕೈಗೆತ್ತಿಕೊಳ್ಳುವವರಿಗೆ ಈ ಸಂಗತಿ ಬಹಳ ಮುಖ್ಯ. ವೀಣೆಗೆ ಮೆಟ್ಟಿಲುಗಳಿವೆ, ಹಾರ್ಮೋನಿಯಂಗೆ ಮನೆಗಳಿವೆ. ಬೆರಳಿಟ್ಟ ಕಡೆ ಸ್ವರ ಸಿದ್ಧವಾಗಿರುತ್ತದೆ. ಪಿಟೀಲಿನ ಬೆರಳುಹಲಗೆ ನುಣುಪಾದ ಕಪ್ಪು ಮರದ ಪಟ್ಟಿ ಮಾತ್ರ. ರಿಷಭ ಎಲ್ಲಿದೆ, ಗಾಂಧಾರ ಎಲ್ಲಿದೆ ಎಂದು ಹೇಳುವ ಗುರುತು ಅದರ ಮೇಲೆ ಒಂದೂ ಇಲ್ಲ. ಸ್ವರದ ಜಾಗ ಮೊದಲು ಕಿವಿಗೆ ತಿಳಿಯಬೇಕು. ಬೆರಳು ಅದನ್ನು ಹುಡುಕಿಕೊಂಡು ಹೋಗಬೇಕು. ಕಲಿಕೆಯ ಮೊದಲ ತಿಂಗಳುಗಳಲ್ಲಿಯೇ ಹಲವರು ವಾದ್ಯವನ್ನು ಪೆಟ್ಟಿಗೆಯೊಳಗಿಟ್ಟು ಮರೆಯುವುದಕ್ಕೆ ಬೆರಳಿನ ಮೊಂಡುತನಕ್ಕಿಂತ ಕಿವಿಯ ಸಿದ್ಧತೆಯ ಕೊರತೆಯೇ ಹೆಚ್ಚು ಕಾರಣ. ಬೇಸರ ಹುಟ್ಟಿಸುವ ಮಾತಿಗೆ 'ಪಿಟೀಲು ಕುಯ್ಯುವುದು' ಎಂಬ ನುಡಿಗಟ್ಟು ಕನ್ನಡದಲ್ಲಿ ಹುಟ್ಟಿಕೊಂಡದ್ದು ಯಾವ ಮನೆಯ ಪಕ್ಕದಲ್ಲೋ ತಿಳಿಯದು. ಹೊಸ ವಿದ್ಯಾರ್ಥಿಯ ಸಂಜೆಯ ಅಭ್ಯಾಸವನ್ನು ಕೇಳಿದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಪರದೇಶದ ವಾದ್ಯ, ನಮ್ಮ ಕಂಠ

ಪಿಟೀಲು ಯೂರೋಪಿನಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786-1858) ಮದರಾಸಿನಲ್ಲಿ ಐರೋಪ್ಯ ಶಿಕ್ಷಕರಿಂದ ಇದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರೆಂಬುದು ಸಂಗೀತ ಚರಿತ್ರೆಯಲ್ಲಿ ಪ್ರಸಿದ್ಧ. ಮುಂದೆ ತಂಜಾವೂರು ಸಹೋದರರಲ್ಲಿ ಒಬ್ಬರಾದ ವಡಿವೇಲು ತಿರುವಾಂಕೂರಿನ ಆಸ್ಥಾನದಲ್ಲಿ ಇದಕ್ಕೆ ಮನ್ನಣೆ ದೊರಕಿಸಿದರು. ಮೈಸೂರಿನಲ್ಲಿ ಅರಮನೆಯೇ ಈ ವಾದ್ಯದ ಪೋಷಕನಾಯಿತು. ಹತ್ತನೆಯ ಚಾಮರಾಜ ಒಡೆಯರು ಸ್ವತಃ ಪಿಟೀಲು ನುಡಿಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಬಲ್ಲ ಹಲವು ವಾದ್ಯಗಳಲ್ಲಿ ಇದೂ ಒಂದು.

ಪರದೇಶದ ಈ ವಾದ್ಯ ಇಷ್ಟು ಬೇಗ ನಮ್ಮ ಕಛೇರಿಯ ಅನಿವಾರ್ಯ ಪಕ್ಕವಾದ್ಯವಾದದ್ದೇಕೆ? ಮೆಟ್ಟಿಲಿಲ್ಲದ ಕಾರಣ ಗಮಕಗಳನ್ನು ಅಡೆತಡೆಯಿಲ್ಲದೆ ಎಳೆಯಬಹುದು. ಕಮಾನು ಚಲಿಸುತ್ತಿರುವಷ್ಟು ಹೊತ್ತೂ ನಾದ ನಿಲ್ಲದ ಕಾರಣ ಗಾಯಕನ ಉಸಿರಿನ ಉದ್ದಕ್ಕೆ ಸರಿಗಟ್ಟಬಹುದು. ಕಲಿಯುವವನನ್ನು ಕಾಡುವ ಗುಣವೂ ವಾದ್ಯವನ್ನು ನಮ್ಮದಾಗಿಸಿದ ಗುಣವೂ ಒಂದೇ ಎಂಬುದು ವಿಚಿತ್ರವಾದರೂ ನಿಜ.

ವಾದ್ಯ ಕೊಳ್ಳುವಾಗ

ಪಿಟೀಲುಗಳು ಕಾಲು, ಅರ್ಧ, ಮುಕ್ಕಾಲು ಮತ್ತು ಪೂರ್ಣ ಅಳತೆಗಳಲ್ಲಿ ದೊರೆಯುತ್ತವೆ. 'ಮುಂದೆ ಬೆಳೆಯುತ್ತಾನಲ್ಲ' ಎಂದು ಏಳು ವರ್ಷದ ಮಗುವಿಗೆ ಪೂರ್ಣ ಅಳತೆಯದನ್ನು ಕೊಡಿಸುವುದು ಪೋಷಕರು ಮಾಡುವ ಸಾಮಾನ್ಯ ತಪ್ಪು. ಬಟ್ಟೆ ಹೊಲಿಸುವ ಲೆಕ್ಕಾಚಾರ ಇಲ್ಲಿ ನಡೆಯದು. ತೋಳು ಚಾಚಿದಾಗ ಬೆರಳು ನಿಲುಕದಿದ್ದರೆ ಮಣಿಕಟ್ಟು ಬಿಗಿಯುತ್ತದೆ. ಆ ಬಿಗಿತ ಒಮ್ಮೆ ರೂಢಿಯಾದರೆ ಬಿಡಿಸುವುದು ಕಷ್ಟ.

ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನು ಅಂಟಿನಿಂದ ಕೂಡಿಸಿರುವುದಿಲ್ಲ. ತಂತಿಗಳ ಒತ್ತಡವೇ ಅದನ್ನು ನಿಲ್ಲಿಸಿರುತ್ತದೆ. ಹೊಟ್ಟೆಯೊಳಗೆ ಮೇಲಿನ ಮತ್ತು ಕೆಳಗಿನ ಹಲಗೆಗಳ ನಡುವೆ ನಿಂತಿರುವ ಸಣ್ಣ ಕಡ್ಡಿಯ ಸ್ಥಿತಿಯೂ ಹಾಗೆಯೇ. ಆದ್ದರಿಂದ ನಾಲ್ಕೂ ತಂತಿಗಳನ್ನು ಒಟ್ಟಿಗೆ ಸಡಿಲಿಸಬಾರದು. ಹೊಸ ತಂತಿ ಹಾಕುವಾಗ ಒಂದೊಂದಾಗಿ ಬದಲಿಸಬೇಕು. ಮಳೆಗಾಲದಲ್ಲಿ ಬಿರಡೆಗಳು ಉಬ್ಬಿ ತಿರುಗದಾಗುತ್ತವೆ, ಬೇಸಿಗೆಯಲ್ಲಿ ಜಾರುತ್ತವೆ. ಜಾರುವ ಬಿರಡೆಗೆ ಸ್ವಲ್ಪ ಸೀಮೆಸುಣ್ಣ ಸವರುವ ಪದ್ಧತಿಯಿದೆ. ಇನ್ನು ಹೊಸ ಕಮಾನಿನಿಂದ ನಾದವೇ ಹೊರಡುತ್ತಿಲ್ಲವೆಂದು ಅಂಗಡಿಗೆ ಹಿಂದಿರುಗಿಸಲು ಹೊರಡುವವರೂ ಉಂಟು. ಕುದುರೆಯ ಕೂದಲಿಗೆ ರಾಳ ತಿಕ್ಕದೆ ಅದು ತಂತಿಯನ್ನು ಹಿಡಿಯುವುದಿಲ್ಲ ಎಂಬುದನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ. ತಲೆಗೆ ಎಣ್ಣೆ ಹಚ್ಚಿದ ಕೈಯಿಂದ ಆ ಕೂದಲನ್ನು ಮುಟ್ಟಿದರಂತೂ ರಾಳವೂ ನಿಷ್ಫಲ.

ಎರಡು ತಂತಿ, ಒಂದೇ ಅಚ್ಚು

ಪಾಶ್ಚಾತ್ಯ ವಾದಕರು ಗಲ್ಲದ ಕೆಳಗೆ ವಾದ್ಯವನ್ನು ಸಿಕ್ಕಿಸಿಕೊಂಡು ನುಡಿಸುತ್ತಾರೆ. ನಮ್ಮಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತು, ವಾದ್ಯದ ಬುಡವನ್ನು ಎದೆಗೂ ಎಡಭುಜಕ್ಕೂ ಒತ್ತಿ, ತುದಿಯ ಸುರುಳಿಯನ್ನು ಬಲಗಾಲಿನ ಹರಡಿನ ಮೇಲೆ ನಿಲ್ಲಿಸುವುದು ರೂಢಿ. ವಾದ್ಯವನ್ನು ಹೊರುವ ಕೆಲಸದಿಂದ ಎಡಗೈ ಬಿಡುಗಡೆ ಪಡೆಯುತ್ತದೆ. ಗಮಕಕ್ಕಾಗಿ ತಂತಿಯುದ್ದಕ್ಕೂ ಜಾರಬಲ್ಲುದು. ವಾರಗಟ್ಟಲೆ ಕೇವಲ ಕುಳಿತುಕೊಳ್ಳುವುದನ್ನೇ ತಿದ್ದುವ ಗುರುಗಳ ಬಗ್ಗೆ ವಿದ್ಯಾರ್ಥಿಗಳು ಗೊಣಗುವುದು ಸಹಜ. ಗುರುಗಳು ಮಾಡುವುದು ಸರಿ.

ಪಾಶ್ಚಾತ್ಯ ಪಿಟೀಲಿನ ತಂತಿಗಳು ನಿಗದಿತ ಶ್ರುತಿಗಳಿಗೆ ಬಿಗಿಯಲ್ಪಟ್ಟರೆ, ಕರ್ನಾಟಕ ಪದ್ಧತಿಯಲ್ಲಿ ಅವು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮಗಳಿಗೆ ಸೇರುತ್ತವೆ. ಷಡ್ಜ ಯಾವುದೆಂಬುದನ್ನು ಹಾಡುವವರ ಕಂಠ ನಿರ್ಧರಿಸುತ್ತದೆ. ಪುರಂದರದಾಸರು ಹಾಕಿಕೊಟ್ಟ ಕ್ರಮವೆಂದು ಪ್ರಸಿದ್ಧವಾದ ಸರಳಿ ವರಸೆಯ ಮೊದಲ ಪಾಠ ಮಾಯಾಮಾಳವಗೌಳದಲ್ಲಿ ನಡೆಯುತ್ತದೆ. ಈ ರಾಗದ ಆಯ್ಕೆ ಪಿಟೀಲಿನ ಮಟ್ಟಿಗೆ ಎಷ್ಟು ಅನುಕೂಲಕರ ಎಂಬುದು ವಾದ್ಯ ಹಿಡಿದವರಿಗೆ ಮಾತ್ರ ತಿಳಿಯುತ್ತದೆ. ರಾಗದ ಪೂರ್ವಾರ್ಧವಾದ ಸ-ರಿ-ಗ-ಮ ಮತ್ತು ಉತ್ತರಾರ್ಧವಾದ ಪ-ದ-ನಿ-ಸ, ಇವೆರಡರಲ್ಲೂ ಸ್ವರಗಳ ನಡುವಿನ ಅಂತರ ಒಂದೇ ಬಗೆಯದು. ಬೆರಳಿಡದ ಷಡ್ಜದ ತಂತಿ 'ಸ'. ತೋರುಬೆರಳು ಅದರ ಪಕ್ಕದಲ್ಲೇ 'ರಿ'. ನಡುಬೆರಳು ದೂರ ಚಾಚಿ 'ಗ'. ಉಂಗುರಬೆರಳು ಅದಕ್ಕೆ ಅಂಟಿಕೊಂಡು 'ಮ'. ಪಂಚಮದ ತಂತಿಗೆ ದಾಟಿದರೆ ಅದೇ ಬೆರಳುಗಳು, ಅದೇ ದೂರಗಳು. ಒಂದು ಅಚ್ಚನ್ನು ಕಲಿತರೆ ಸ್ಥಾಯಿಯೊಂದು ಪೂರ್ಣವಾಗುತ್ತದೆ.

ಸ್ವರ ಸರಿಯಾಯಿತೇ ಎಂದು ಪರೀಕ್ಷಿಸುವ ಉಪಾಯವೂ ವಾದ್ಯದಲ್ಲಿಯೇ ಅಡಗಿದೆ. ಮಂದ್ರ ಪಂಚಮದ ತಂತಿಯ ಮೇಲೆ ಉಂಗುರಬೆರಳಿನಿಂದ ಷಡ್ಜವನ್ನು ನುಡಿಸಿದಾಗ ಪಕ್ಕದ ಷಡ್ಜದ ತಂತಿಯೊಡನೆ ಅದು ಒಂದೇ ನಾದವಾಗಿ ಬೆರೆಯಬೇಕು. ಬೆರಳು ನಿಖರವಾಗಿ ನಿಂತ ಕ್ಷಣ, ಮುಟ್ಟದೆಯೇ ಆ ತಂತಿ ಕಂಪಿಸತೊಡಗುತ್ತದೆ, ನಾದ ಅರಳುತ್ತದೆ. ಕೂದಲೆಳೆ ಆಚೀಚೆಯಾದರೆ ಮಂಕಾಗುತ್ತದೆ. ಈ ವ್ಯತ್ಯಾಸವನ್ನು ಒಮ್ಮೆ ಕೇಳಿಸಿಕೊಂಡ ಮಗು ಮತ್ತೆ ಅದನ್ನು ಮರೆಯುವುದಿಲ್ಲ. ಬೆರಳುಹಲಗೆಯ ಮೇಲೆ ಬಣ್ಣದ ಪಟ್ಟಿ ಅಂಟಿಸಿ ಸ್ವರಸ್ಥಾನ ತೋರಿಸುವ ರೂಢಿ ಈಚೆಗೆ ಕಾಣುತ್ತಿದೆ. ಕೆಲವು ದಿನಗಳಿಗೆ ಅದು ಊರುಗೋಲಾದೀತು. ವರ್ಷಗಟ್ಟಲೆ ಉಳಿದರೆ ಕಣ್ಣು ಕಲಿಯುತ್ತದೆ, ಕಿವಿ ಕಲಿಯುವುದಿಲ್ಲ.

ಬಲಗೈಯ ಪಾಠ ಇನ್ನೂ ನಿಧಾನದ್ದು. ಕಮಾನು ಕುದುರೆಗೆ ಸಮಾನಾಂತರವಾಗಿ, ಕುದುರೆಗೂ ಬೆರಳುಹಲಗೆಯ ಅಂಚಿಗೂ ನಡುವೆ ಚಲಿಸಬೇಕು. ಒತ್ತಿದರೆ ಕರಕರ, ತೇಲಿಸಿದರೆ ಸಿಳ್ಳು. ಮೊದಲು ಬೆರಳಿಡದೆ ಬರಿಯ ತಂತಿಗಳ ಮೇಲೆ ಉದ್ದ ಕಮಾನು; ಬಳಿಕ ಸ್ವರಕ್ಕೊಂದು ಎಳೆತ; ಎರಡನೆಯ, ಮೂರನೆಯ ಕಾಲಗಳಲ್ಲಿ ಒಂದೇ ಎಳೆತಕ್ಕೆ ಎರಡು, ನಾಲ್ಕು ಸ್ವರ. ಜಂಟಿ ವರಸೆ, ಅಲಂಕಾರ, ಗೀತೆ, ವರ್ಣಗಳೆಂದು ಪಾಠ ಮುಂದುವರಿದಂತೆ ಪ್ರತಿಯೊಂದನ್ನೂ ಮೊದಲು ತಾಳ ಹಾಕಿ ಹಾಡಿಸಿ, ಅನಂತರವೇ ನುಡಿಸುವ ಸಂಪ್ರದಾಯವನ್ನು ಒಳ್ಳೆಯ ಶಿಕ್ಷಕರು ಇಂದಿಗೂ ಬಿಟ್ಟಿಲ್ಲ. 'ನನಗೆ ಕಂಠವಿಲ್ಲ, ಅದಕ್ಕೇ ವಾದ್ಯ' ಎಂದು ಬರುವವರಿಗೆ ಇದು ಮೊದಲ ಆಘಾತ. ಇಂಪಾಗಿ ಹಾಡಬೇಕಿಲ್ಲ, ಶ್ರುತಿಯಲ್ಲಿ ಹಾಡಿದರೆ ಸಾಕು.

ಏಳು ತಂತಿಯ ಮೋಹ

ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಪಿಟೀಲಿನ ನಾದ ಸಭೆಯ ಕೊನೆಯ ಸಾಲಿಗೆ ಮುಟ್ಟುತ್ತಿರಲಿಲ್ಲ. ಈ ಕೊರತೆಗೆ ಪರಿಹಾರವಾಗಿ ಚೌಡಯ್ಯನವರು 1927ರ ಸುಮಾರಿಗೆ ಏಳು ತಂತಿಗಳ ಪಿಟೀಲನ್ನು ರೂಪಿಸಿದರು. ಅವರ ಶಿಷ್ಯ ಆರ್.ಆರ್. ಕೇಶವಮೂರ್ತಿಯವರು ಆ ಪರಂಪರೆಯನ್ನು ಕೊನೆಯವರೆಗೂ ಕಾಪಾಡಿದರು. ಬೆಂಗಳೂರಿನಲ್ಲಿ 1980ರಲ್ಲಿ ತೆರೆದ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವನ್ನು ಕಂಡು ಬಂದ ಮಕ್ಕಳು ಏಳು ತಂತಿಯ ವಾದ್ಯವನ್ನೇ ಕೇಳುವುದುಂಟು. ನಾಲ್ಕನ್ನು ಶ್ರುತಿಗೂಡಿಸಲು ಬಾರದವರಿಗೆ ಏಳು ತಂತಿ ಶಿಕ್ಷೆಯಾದೀತು. ಚೌಡಯ್ಯನವರು ಅದಕ್ಕೆ ಕೈಹಾಕಿದ್ದು ಹದಿನೇಳು ವರ್ಷಗಳ ಅಭ್ಯಾಸದ ಬಳಿಕ.

ಅರಕೆರೆಯಂಥ ಊರುಗಳ ಕಲಿಯುವವರ ನಿಜವಾದ ತೊಡಕು ಬೇರೆ. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ಲಲಿತಕಲಾ ಕಾಲೇಜು, ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ, ಮಹದೇವಪ್ಪನವರ ಮಕ್ಕಳಾದ ನಾಗರಾಜ್ ಮತ್ತು ಮಂಜುನಾಥ್ ಅವರಂಥ ಹೆಸರಾಂತ ವಾದಕರು, ಎಲ್ಲವೂ ಉಂಟು. ಆದರೆ ವಾರಕ್ಕೆರಡು ಸಂಜೆ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿ, ಕೊನೆಯ ಬಸ್ಸಿಗೆ ಹಿಂದಿರುಗುವುದು ಎಲ್ಲ ಮನೆಗಳಿಗೂ ಸಾಧ್ಯವಾಗದು. ಮೊಬೈಲಿನ ವೀಡಿಯೊ ಪಾಠ ಈ ತೆರವನ್ನು ತುಂಬುತ್ತಿದೆ. ಬೆರಳು ಎಲ್ಲಿಡಬೇಕೆಂದು ಅದು ತೋರಿಸಬಲ್ಲದು. ಇಟ್ಟ ಬೆರಳು ತಪ್ಪಿತು ಎಂದು ಹೇಳಲಾರದು. ತಪ್ಪನ್ನು ಕೇಳಿಸಿಕೊಳ್ಳಲು ಬೇಕಾದ ಕಿವಿ ಇನ್ನೂ ತಯಾರಾಗದ ಆ ಮೊದಲ ತಿಂಗಳುಗಳಲ್ಲೇ ಎದುರಿಗೊಬ್ಬ ಗುರು ಅತ್ಯಗತ್ಯ. ಇಂಥ ಕಡೆ ಹತ್ತಿರದಲ್ಲಿ ಹಾಡುಗಾರಿಕೆಯ ಶಿಕ್ಷಕರಿದ್ದರೆ ಅವರ ಬಳಿ ವರ್ಷಕಾಲ ಸರಳಿ, ಅಲಂಕಾರಗಳನ್ನು ಹಾಡಿ ಕಲಿತು, ಅನಂತರ ಪಿಟೀಲಿನ ಗುರುವನ್ನು ಹುಡುಕುವುದು ಮೇಲು. ಬಿಡಾರಂ ಕೃಷ್ಣಪ್ಪನವರ ಶಿಷ್ಯನಿಗೆ ಒದಗಿದ ದಾರಿಗೆ ಅದು ದೂರದ್ದೇನೂ ಅಲ್ಲ.

ಮನೆಯ ಅಭ್ಯಾಸಕ್ಕೆ ಶ್ರುತಿಪೆಟ್ಟಿಗೆಯೊಂದು ಬೇಕು. ದಿನಕ್ಕೆ ಅರ್ಧ ಗಂಟೆ, ತಪ್ಪದೆ. ಭಾನುವಾರ ಒಮ್ಮೆಲೇ ಮೂರು ಗಂಟೆ ಕುಳಿತರೆ ಭುಜ ನೋಯುವುದೇ ಲಾಭ. ಮುಗಿದ ಬಳಿಕ ತಂತಿಯ ಮೇಲೂ ಹಲಗೆಯ ಮೇಲೂ ಉದುರಿದ ರಾಳದ ಪುಡಿಯನ್ನು ಒಣಬಟ್ಟೆಯಿಂದ ಒರೆಸಿ, ಕಮಾನಿನ ತಿರುಪನ್ನು ಸಡಿಲಿಸಿ ಪೆಟ್ಟಿಗೆಯಲ್ಲಿಡಬೇಕು. ಬಿಗಿದಂತೆಯೇ ಬಿಟ್ಟ ಕಮಾನಿನ ಕಡ್ಡಿ ಕೆಲವೇ ತಿಂಗಳಲ್ಲಿ ಸೊಟ್ಟಗಾಗುತ್ತದೆ.