ಲೇಸರ್ ಸುಟ್ಟಗಾಯ

ಲೇಸರ್ ಸುಟ್ಟಗಾಯ ಎಂದರೆ ಲೇಸರ್ ಕಿರಣದ ಶಾಖದಿಂದ ಚರ್ಮಕ್ಕೆ ಆಗುವ ಗಾಯ. ಕಾರ್ಖಾನೆ ಮತ್ತು ಪ್ರಯೋಗಾಲಯಗಳಲ್ಲಿಯೂ ಇದು ಸಂಭವಿಸಬಹುದು; ಆದರೆ ಜನಸಾಮಾನ್ಯರಿಗೆ ಇದು ಎದುರಾಗುವುದು ಬೇಡದ ಕೂದಲು, ಹಚ್ಚೆ ಅಥವಾ ಕಲೆಗಳನ್ನು ತೆಗೆಸುವ ಚಿಕಿತ್ಸೆಯಲ್ಲಿ. ಥಿಯೋಡರ್ ಮೈಮನ್ 1960ರಲ್ಲಿ ಮೊದಲ ಲೇಸರ್ ಸಾಧನವನ್ನು ರೂಪಿಸಿದ ಕೆಲವೇ ವರ್ಷಗಳಲ್ಲಿ ಅಮೆರಿಕದ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಪ್ರಯೋಗಿಸಿದರು.

ಕಾರಣ

ಕೂದಲು ತೆಗೆಯುವ ಲೇಸರಿನ ಗುರಿ ಕೂದಲ ಬುಡದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ. ಅದೇ ಮೆಲನಿನ್ ಹೊರಚರ್ಮದಲ್ಲಿಯೂ ಇರುವುದರಿಂದ ಕಿರಣದ ಶಕ್ತಿಯ ಒಂದು ಪಾಲನ್ನು ಅದು ಮೇಲೆಯೇ ಹೀರಿಕೊಂಡು ಬಿಸಿಯಾಗುತ್ತದೆ. ಚರ್ಮ ಕಪ್ಪಾದಷ್ಟೂ ಈ ಅಪಾಯ ಹೆಚ್ಚು. 1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಆರಂಭಿಸಿದ, ಈಗ ಆರು ದರ್ಜೆಗಳಿರುವ ವರ್ಗೀಕರಣದಲ್ಲಿ ಬಹುಪಾಲು ಭಾರತೀಯರ ಚರ್ಮ ನಾಲ್ಕನೆಯ ಮತ್ತು ಐದನೆಯ ದರ್ಜೆಗಳಿಗೆ ಸೇರುತ್ತದೆ. ಬಿಳಿಯ ಚರ್ಮಕ್ಕೆ ಹೊಂದುವ 755 ನ್ಯಾನೋಮೀಟರ್ ತರಂಗಾಂತರದ ಅಲೆಕ್ಸಾಂಡ್ರೈಟ್ ಲೇಸರ್ ಇಂತಹ ಚರ್ಮವನ್ನು ಸುಲಭವಾಗಿ ಸುಡಬಲ್ಲದು. 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರನ್ನು ಮೆಲನಿನ್ ಕಡಿಮೆ ಹೀರುವುದರಿಂದ ಅದು ಹೆಚ್ಚು ಸುರಕ್ಷಿತ. ಬಿಸಿಲಿಗೆ ಚರ್ಮ ಕಪ್ಪಾಗಿರುವಾಗ ಚಿಕಿತ್ಸೆ ಪಡೆಯುವುದೂ ಗಾಯಕ್ಕೆ ಕಾರಣವಾಗುತ್ತದೆ.

ನೋವಿನ ಸ್ವರೂಪ

ಚರ್ಮದ ತಾಪ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದಾಗ ನರತುದಿಗಳಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕ ಪ್ರಚೋದನೆಗೊಳ್ಳುತ್ತದೆ. ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಮೆಣಸಿನಕಾಯಿಯ ಖಾರಕ್ಕೂ ಸ್ಪಂದಿಸುವುದು ಇದೇ ಗ್ರಾಹಕ. ಎರಡಕ್ಕೂ ಕನ್ನಡದಲ್ಲಿ ‘ಉರಿ’ ಎಂಬ ಒಂದೇ ಪದವಿರುವುದು ಸಮಂಜಸವೇ ಆಗಿದೆ.

ಚಿಕಿತ್ಸೆಯ ಸಮಯದಲ್ಲಿ ರಬ್ಬರ್ ಬ್ಯಾಂಡ್ ಬಡಿದಂತಹ ಚುರುಕು, ಬಳಿಕ ಕೆಲವು ಗಂಟೆಗಳ ಕೆಂಪು ಸಹಜ. ತಡೆಯಲಾಗದ ಉರಿ, ಬೊಬ್ಬೆ, ಚರ್ಮ ಬೂದು ಅಥವಾ ಬಿಳಿಯ ಬಣ್ಣಕ್ಕೆ ತಿರುಗುವುದು ಸುಟ್ಟಗಾಯದ ಲಕ್ಷಣಗಳು. ನೋವು ಕಡಿಮೆಯಿದೆ ಎಂದ ಮಾತ್ರಕ್ಕೆ ಗಾಯ ಸಣ್ಣದೆಂದು ತಿಳಿಯಬಾರದು: ಆಳವಾಗಿ ಸುಟ್ಟಾಗ ನರತುದಿಗಳೇ ನಾಶವಾಗಿ ನೋವು ತಿಳಿಯದಿರಬಹುದು.

ಮರಗಟ್ಟಿಸುವ ಮುಲಾಮು ನೋವಿನ ಜೊತೆಗೆ ಈ ಮುನ್ಸೂಚನೆಯನ್ನೂ ಅಡಗಿಸುತ್ತದೆ. ಲಿಡೊಕೇನ್ ಮುಲಾಮನ್ನು ವಿಶಾಲವಾದ ಭಾಗಕ್ಕೆ ಹಚ್ಚಿ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಔಷಧ ರಕ್ತಕ್ಕೆ ಸೇರಿ ಪ್ರಾಣಾಪಾಯವಾಗಬಲ್ಲದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಬಗ್ಗೆ 2007ರಲ್ಲಿ ಎಚ್ಚರಿಸಿತು.

ಪ್ರಥಮ ಚಿಕಿತ್ಸೆ ಮತ್ತು ಆರೈಕೆ

ಉರಿ ಅತಿಯಾದರೆ ರೋಗಿ ಕೂಡಲೇ ಹೇಳಬೇಕು, ಯಂತ್ರವನ್ನು ನಿಲ್ಲಿಸಬೇಕು. ಗಾಯದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಗಾಯವಾದ ಮೂರು ಗಂಟೆಗಳೊಳಗೆ ಇದು ಪ್ರಯೋಜನಕಾರಿ. ಮನೆಗಳಲ್ಲಿ ರೂಢಿಯಲ್ಲಿರುವ ಟೂತ್‌ಪೇಸ್ಟ್, ಶಾಯಿ, ತುಪ್ಪ, ಅರಿಶಿನ ಯಾವುದನ್ನೂ ಹಚ್ಚಬಾರದು. ಇವು ಸೋಂಕಿಗೆ ದಾರಿ ಮಾಡುತ್ತವೆ ಅಥವಾ ಗಾಯದ ಆಳವನ್ನು ವೈದ್ಯರಿಂದ ಮರೆಮಾಡುತ್ತವೆ. ಮಂಜುಗಡ್ಡೆಯನ್ನು ನೇರವಾಗಿ ಇಡುವುದೂ ಹಾನಿಕರ. ಬೊಬ್ಬೆ ಒಡೆಯದೆ ಅಂಟದ ಪಟ್ಟಿಯಿಂದ ಮುಚ್ಚಬೇಕು. ಸಾಮಾನ್ಯ ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಮುಖ, ಕಣ್ಣಿನ ಸುತ್ತ ಅಥವಾ ಆಳವಾದ ಗಾಯಕ್ಕೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಕೋಲಾರ, ಮಾಲೂರು ಕಡೆಯವರಿಗೆ ದೊಡ್ಡ ಸುಟ್ಟಗಾಯಗಳಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ರತ್ಯೇಕ ವಿಭಾಗವಿದೆ.

ಗಾಯ ಮಾಗಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು, ಆದ್ದರಿಂದ ಆ ಭಾಗವನ್ನು ಬಿಸಿಲಿನಿಂದ ಕಾಪಾಡಬೇಕು. ಗಡಸಾದ ಹಳೆಯ ಕಲೆಗಳನ್ನು ಮೆದುಗೊಳಿಸಲು ಈಗ ಇಂಗಾಲದ ಡೈಆಕ್ಸೈಡ್ ಲೇಸರನ್ನೇ ಬಳಸಲಾಗುತ್ತಿದೆ.